ನಿದ್ದೆಗೆ ಖಿನ್ನತೆಯ ಮಾತ್ರೆ: ಇಲ್ಲಿಯ ರೂಢಿ, ಊರಿನ ರೂಢಿ

ಅಮೆರಿಕದಲ್ಲಿ ನಿದ್ದೆ ಬರುತ್ತಿಲ್ಲ ಅಂತ ಡಾಕ್ಟರ ಹತ್ತಿರ ಹೋದರೆ ಬಹಳ ಸಲ ಬರೆದುಕೊಡುವುದು ಟ್ರಾಜೊಡೋನ್. 1981ರಲ್ಲಿ ಇಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಖಿನ್ನತೆಗೆ, ನಿದ್ದೆಗಲ್ಲ. ಅದೇ ತೊಂದರೆಯನ್ನು ಊರಿನಲ್ಲಿ, ಅಂದರೆ ಭಾರತದಲ್ಲಿ, ಹೇಳಿಕೊಂಡರೆ ಎಷ್ಟೋ ಸಲ ಸಿಗುವುದು ಆಲ್ಪ್ರಜೋಲಾಮ್ ಎಂಬ ಆತಂಕದ ಮಾತ್ರೆ. ಅದು 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮೆಡಿಕಲ್ ಶಾಪಿನವರು ರೋಗಿಯ ಮತ್ತು ವೈದ್ಯರ ಹೆಸರು ಬರೆದು ಆ ಪುಸ್ತಕವನ್ನು ಮೂರು ವರ್ಷ ಇಟ್ಟಿರಬೇಕು. ಆದರೂ ಹಳೇ ಚೀಟಿಯ ಮೇಲೆ ವರ್ಷಗಟ್ಟಲೆ ನುಂಗುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ.

ಚಟ ಹಿಡಿಸುವ ವಿಷಯದಲ್ಲಿ ಟ್ರಾಜೊಡೋನೇ ವಾಸಿ. ಹಾಗಂತ ಇಲ್ಲಿಯ ರೂಢಿಯೂ ಸರಿಯಿಲ್ಲ. ಖಿನ್ನತೆಗೆ ದಿನಕ್ಕೆ 150 ಮಿಲಿಗ್ರಾಂನಿಂದ ಶುರುವಾಗುವ ಔಷಧಿಯನ್ನು ನಿದ್ದೆಗೆಂದು 25ರಿಂದ 100 ಮಿಲಿಗ್ರಾಂ ಕೊಡುತ್ತಾರೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಮಂಪರು ಬರುತ್ತದೆ, ಖಿನ್ನತೆ ಇದ್ದರೆ ಅದು ಹಾಗೇ ಉಳಿಯುತ್ತದೆ. ಇದನ್ನು ಬಿಡಿಸಿ ಹೇಳುವವರು ಕಡಿಮೆ. 2017ರಲ್ಲಿ ಇಲ್ಲಿಯ ನಿದ್ರಾವೈದ್ಯರ ಅಕಾಡೆಮಿಯೇ ನಿದ್ರಾಹೀನತೆಗೆ ಟ್ರಾಜೊಡೋನ್ ಬೇಡವೆಂದು ಸೂಚಿಸಿ, ನಡುರಾತ್ರಿ ಎಚ್ಚರವಾಗುವವರಿಗೆ ಡಾಕ್ಸೆಪಿನ್ 3 ಅಥವಾ 6 ಮಿಲಿಗ್ರಾಂ ಆಗಬಹುದು ಎಂದಿತು.

ಡಾಕ್ಸೆಪಿನ್ ಕೂಡ ಖಿನ್ನತೆಯ ಮಾತ್ರೆಯೇ. ಆದರೆ ಊಟವಾದ ಮೂರು ಗಂಟೆಯೊಳಗೆ ಅದನ್ನು ತೆಗೆದುಕೊಳ್ಳಬಾರದು. ಸಂಜೆ ಆರೂವರೆಗೆ ಉಣ್ಣುವ ಅಮೆರಿಕದವರಿಗೆ ಇದು ತೊಡಕಲ್ಲ. ರಾತ್ರಿ ಒಂಬತ್ತೂವರೆಗೆ ಮುದ್ದೆ ಸಾರು ಉಂಡು ಹತ್ತೂವರೆಗೆ ಮಲಗುವ ನಮ್ಮ ಮನೆಗಳಲ್ಲಿ ಮಾತ್ರೆಯ ಪರಿಣಾಮ ತಡವಾಗಿ ಶುರುವಾಗಿ ಮಾರನೆಯ ಬೆಳಿಗ್ಗೆಯವರೆಗೂ ಎಳೆಯಬಹುದು. ಬೆಳಿಗ್ಗೆ ತಲೆ ಭಾರ ಅಂದರೆ ಮಾತ್ರೆಯನ್ನು ದೂರುವ ಮೊದಲು ಊಟದ ಹೊತ್ತು ನೋಡಬೇಕು. ಟ್ರಾಜೊಡೋನ್ ಇದಕ್ಕೆ ತದ್ವಿರುದ್ಧ: ಊಟವಾದ ಮೇಲೋ ಏನಾದರೂ ಸ್ವಲ್ಪ ತಿಂದ ಮೇಲೋ ತೆಗೆದುಕೊಳ್ಳುವಂಥದ್ದು.

ನನಗೆ ಹೆಚ್ಚು ಆತಂಕ ಇರುವುದು ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರ ಬಗ್ಗೆ. ತಂದ ಆಲ್ಪ್ರಜೋಲಾಮ್ ಮುಗಿಯುತ್ತದೆ, ಅದರ ಬದಲಿಗೆ ಟ್ರಾಜೊಡೋನ್ ಬರುತ್ತದೆ. ಆಲ್ಪ್ರಜೋಲಾಮ್ ಕೆಲಸ ಮಾಡುವುದು ಮಿದುಳಿನ ಗಾಬಾ ಎಂಬ ರಾಸಾಯನಿಕದ ಮೇಲೆ, ಟ್ರಾಜೊಡೋನ್ ಸೆರೊಟೋನಿನ್, ಹಿಸ್ಟಮಿನ್ ಎಂಬ ಬೇರೆ ರಾಸಾಯನಿಕಗಳ ಮೇಲೆ. ಒಂದರ ಜಾಗವನ್ನು ಇನ್ನೊಂದು ತುಂಬುವುದಿಲ್ಲ. ವರ್ಷಗಟ್ಟಲೆ ತೆಗೆದುಕೊಂಡ ಆಲ್ಪ್ರಜೋಲಾಮನ್ನು ಥಟ್ಟನೆ ನಿಲ್ಲಿಸಿದರೆ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರು ಹೇಳಿದ ಲೆಕ್ಕದಲ್ಲಿ ವಾರಗಟ್ಟಲೆ ಇಳಿಸುತ್ತಾ ಬರಬೇಕು. ಹಾಗಾಗಿ ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ ಎಂಬುದನ್ನು ಮುಚ್ಚಿಡದೆ ಹೇಳಲೇಬೇಕು.

ಟ್ರಾಜೊಡೋನ್ ಎದ್ದುನಿಂತಾಗ ಬಿಪಿ ಇಳಿಸುತ್ತದೆ. ಬಿಪಿ ಮಾತ್ರೆ, ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್ ಜೊತೆಗಿದ್ದರೆ ಇನ್ನೂ ಹೆಚ್ಚು. ರಾತ್ರಿ ಮೂತ್ರಕ್ಕೆ ಏಳುವವರು ಮಂಚದಂಚಿಗೆ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು, ಆಮೇಲೆ ಗೋಡೆ ಹಿಡಿದು ಏಳಬೇಕು. ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಗಂಡಸರಲ್ಲಿ ಅಪರೂಪಕ್ಕೆ ಶಿಶ್ನ ನಿಮಿರಿ ನೋವಾಗಿ ಇಳಿಯದೇ ಹೋಗುತ್ತದೆ. ನಾಲ್ಕು ಗಂಟೆ ದಾಟಿದರೆ ನಾಚದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಊರಿನಲ್ಲಿ ನಿದ್ದೆಗೆಂದು ಕೊಡುವ ಇನ್ನೊಂದು ಖಿನ್ನತೆಯ ಮಾತ್ರೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ಪ್ರಾಸ್ಟೇಟ್ ದಪ್ಪವಾಗಿರುವವರಿಗೆ ಮೂತ್ರ ಕಟ್ಟಿಸಬಹುದು. ಮಿರ್ಟಜಪಿನ್ ಎಂಬ ಖಿನ್ನತೆಯ ಮಾತ್ರೆ ಹಸಿವು ಹೆಚ್ಚಿಸಿ ತೂಕ ಏರಿಸುತ್ತದೆ; ಸಕ್ಕರೆ ಕಾಯಿಲೆಯವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಎರಡೂ ಕಡೆ ಮಾತ್ರೆಗಿಂತ ಮೊದಲು ಬರಬೇಕಾದದ್ದು ನಿದ್ದೆಯ ವರ್ತನಾ ಚಿಕಿತ್ಸೆ, ಅಂದರೆ ಮಲಗುವ ಏಳುವ ರೂಢಿಯನ್ನೇ ತಿದ್ದುವುದು. ಎರಡು ವಾರ ನಿದ್ದೆಯ ಲೆಕ್ಕ ಬರೆದಿಡುವುದು ಮೊದಲ ಹೆಜ್ಜೆ. ಎಂಟು ಗಂಟೆ ಹಾಸಿಗೆಯಲ್ಲಿದ್ದು ಆರು ಗಂಟೆ ಮಾತ್ರ ನಿದ್ದೆ ಬಂದಿದ್ದರೆ ಹಾಸಿಗೆಯ ಹೊತ್ತನ್ನೇ ಆರು ಗಂಟೆಗೆ ಇಳಿಸುತ್ತಾರೆ, ಐದಕ್ಕಿಂತ ಕೆಳಗಲ್ಲ. ಬೆಳಿಗ್ಗೆ ಏಳುವ ಹೊತ್ತು ಬದಲಾಗಕೂಡದು. ಮಲಗಿದ ಹೊತ್ತಿನಲ್ಲಿ ನೂರಕ್ಕೆ 85 ಪಾಲು ನಿದ್ದೆಯಾಗತೊಡಗಿದರೆ ವಾರಕ್ಕೆ 15 ನಿಮಿಷ ಸೇರಿಸುತ್ತಾರೆ. ಮೊದಲೆರಡು ವಾರ ಹಗಲಲ್ಲಿ ತೂಕಡಿಕೆ ಬರುತ್ತದೆ, ಬಹಳ ಜನ ಕೈಬಿಡುವುದು ಆಗಲೇ. ಗಾಡಿ ಓಡಿಸುವವರು ಎಚ್ಚರದಿಂದಿರಬೇಕು. ಫಿಟ್ಸ್ ಅಥವಾ ಬೈಪೋಲಾರ್ (ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ) ಇರುವವರು ವೈದ್ಯರಿಲ್ಲದೆ ಇದಕ್ಕೆ ಕೈಹಾಕಬಾರದು. ಊರಿನಲ್ಲಿರುವವರು ಇಂಥದ್ದನ್ನೆಲ್ಲ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.