ಓಡಿಸ್ತಾ ಓಡಿಸ್ತಾ ಸೆಟ್ ಆಗ್ತೈತಿ

ಸರ್ವಿಸ್‌ಗೆ ಬಿಟ್ಟ ಬೈಕ್ ಸಂಜೆ ಕೈಗೆ ಬರುತ್ತದೆ. ಸಂಡೂರು ರಸ್ತೆಯ ಕೆಂಧೂಳೆಲ್ಲ ತೊಳೆದುಹೋಗಿದೆ, ಟೈರಿಗೂ ಪಾಲಿಶ್ ಹೊಡೆದಿದ್ದಾರೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಪೆಟ್ರೋಲ್ ಟ್ಯಾಂಕ್ ಎಡಕ್ಕೆ ವಾರೆ! ವೈರಿಂಗ್ ನೋಡೋಕೆ ಬಿಚ್ಚಿದ್ದರಂತೆ. ಬಿಚ್ಚಲಿ, ಯಾರು ಬೇಡ ಅಂದರು? ಬಿಚ್ಚಿದ್ದನ್ನು ಮತ್ತೆ ಕೂಡಿಸುವಾಗ ಇವರಿಗೆ ಅದೆಂಥ ಅವಸರವೋ.

ಕೇಳಿದರೆ ಮೆಕ್ಯಾನಿಕ್ ಬಾಯಲ್ಲಿ ಒಂದೇ ಮಾತು: “ಓಡಿಸ್ತಾ ಓಡಿಸ್ತಾ ಸೆಟ್ ಆಗ್ತೈತಿ ಬಿಡ್ರಿ ಅಣ್ಣ.”

ಬಳ್ಳಾರಿಯ ಗ್ಯಾರೇಜುಗಳಲ್ಲಿ ಈ ಮಂತ್ರಕ್ಕೆ ವಾಸಿಯಾಗದ ಕಾಯಿಲೆಯೇ ಇಲ್ಲ. ಕ್ಲಚ್ ಬಿಗಿಯೇ? ಸೆಟ್ ಆಗ್ತೈತಿ. ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆಯೇ? ಅದೂ ಆಗ್ತೈತಿ. ಹೊಸ ಬ್ರೇಕ್ ಶೂ ಮಾತ್ರ ನಿಜಕ್ಕೂ ಓಡಿಸ್ತಾ ಓಡಿಸ್ತಾ ಡ್ರಮ್ಮಿಗೆ ಕೂಡುತ್ತದೆ. ಮಂತ್ರ ಅಲ್ಲೇ ಹುಟ್ಟಿ ಆಮೇಲೆ ಇಡೀ ಗಾಡಿಗೆ ಹಬ್ಬಿರಬೇಕು. ನಾವು ಒಪ್ಪದೆ ನಿಂತರೆ ಆತ ಟ್ಯಾಂಕಿನ ಬಲಗಡೆ ಮುಷ್ಟಿ ಕಟ್ಟಿ ಎರಡು ಗುದ್ದುತ್ತಾನೆ. ಟ್ಯಾಂಕ್ ಕದಲುವುದಿಲ್ಲ. ಆಗ ಒಂದು ಕಣ್ಣು ಮುಚ್ಚಿ, ಕತ್ತನ್ನು ಎಡಕ್ಕೆ ಟ್ಯಾಂಕ್ ವಾಲಿದಷ್ಟೇ ವಾಲಿಸಿ, “ಈಗ ನೋಡ್ರಿ” ಅನ್ನುತ್ತಾನೆ. ಆ ಕೋನದಲ್ಲಿ ಟ್ಯಾಂಕ್ ನೆಟ್ಟಗೇ ಇದೆ, ವಾಲಿರುವುದು ಎದುರಿನ ಲೈಟ್ ಕಂಬ. ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತವರೂ ಕತ್ತು ವಾಲಿಸಿ “ಹೌದ್ರಿ, ಸರಿ ಐತಿ” ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಸೆಟ್ ಆಗುವುದಿಲ್ಲ ಸ್ವಾಮಿ. ನೂರು-ನೂರಿಪ್ಪತ್ತೈದು ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ಯಾಂಕಿನ ಮುಂಭಾಗ, ಹ್ಯಾಂಡಲ್ ಹಿಂದೆ ಫ್ರೇಮಿನ ಎರಡೂ ಬದಿ ಇರುವ ಗೂಟಗಳ ರಬ್ಬರ್ ಮೇಲೆ ಜಾರಿ ಕೂರುತ್ತದೆ. ಹಿಂಭಾಗವನ್ನು ಸೀಟಿನ ಕೆಳಗಿನ ಬೋಲ್ಟ್ ಹಿಡಿಯುತ್ತದೆ. ಟ್ಯಾಂಕ್ ತಳ್ಳುವಾಗ ಒಂದು ಬದಿಯ ರಬ್ಬರ್ ಗೂಟದಿಂದ ಕಳಚಿದರೂ ಆಯಿತು, ಆ ಕಡೆ ತಗ್ಗು. ಅಥವಾ ವೈರಿನ ಕಟ್ಟು ಟ್ಯಾಂಕಿನಡಿ ಸಿಕ್ಕಿ ಇನ್ನೊಂದು ಕಡೆ ಉಬ್ಬು. ಓಡಿಸ್ತಾ ಓಡಿಸ್ತಾ ಆಗುವುದು ಇಷ್ಟೇ: ತಗಡು ಫ್ರೇಮಿಗೆ ತಿಕ್ಕಿ ಬಣ್ಣ ಹೋಗುತ್ತದೆ, ವೈರಿನ ಸಿಪ್ಪೆ ಸವೆದು ಫ್ಯೂಸ್ ಹಾರುತ್ತದೆ.

ಬಿಚ್ಚಿ ಕೂಡಿಸಲು ಅರ್ಧ ಗಂಟೆ ಸಾಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರಲಿ. ಹತ್ತು ಲೀಟರ್ ಅಂದರೆ ಏಳೂವರೆ ಕೆ.ಜಿ.ಯ ಹತ್ತಿರ, ಜೊತೆಗೆ ಒಳಗೆ ಅದು ಓಲಾಡುತ್ತದೆ. ಎಂಜಿನ್ ಆರಿರಬೇಕು, ಹತ್ತಿರ ಬೀಡಿ ಸೇದುವವರು ಇರಬಾರದು. ಗಾಡಿ ಸಮನೆಲದಲ್ಲಿ ದೊಡ್ಡ ಸ್ಟ್ಯಾಂಡ್ ಮೇಲೆ ನಿಲ್ಲಲಿ, ಸೈಡ್ ಸ್ಟ್ಯಾಂಡ್ ಹಾಕಿ ಟ್ಯಾಂಕ್ ನೆಟ್ಟಗಿದೆಯೇ ಎಂದು ನೋಡುವವರಿಗೆ ಏನು ಹೇಳೋಣ? ಸೀಟು ತೆಗೆದು, ಕಾಕ್ ಇರುವ ಗಾಡಿಯಾದರೆ ಆ ಪೆಟ್ರೋಲ್ ನಲ್ಲಿ ಮುಚ್ಚಿ ಪೈಪ್ ಎಳೆದು, ಪೆಟ್ರೋಲ್ ಮೀಟರಿನ ವೈರ್ ಕೂಡಿಸುವ ಕಪ್ಲರ್ ಬಿಡಿಸಿ, 10 ಅಥವಾ 12ರ ಪಾನಾದಲ್ಲಿ ಹಿಂದಿನ ಬೋಲ್ಟ್ ಬಿಚ್ಚಿ, ಹಿಂಭಾಗ ಸ್ವಲ್ಪ ಎತ್ತಿ ಹಿಂದಕ್ಕೆ ಎಳೆದರೆ ಟ್ಯಾಂಕ್ ಕೈಗೆ ಬರುತ್ತದೆ.

ಈಗ ರಬ್ಬರ್ ಒತ್ತಿ ನೋಡಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಮೇಲೆ ಬಿಸಿಲು, ಕೆಳಗೆ ಎಂಜಿನ್. ಕಲ್ಲಾಗಿರುತ್ತದೆ, ಇಲ್ಲವೇ ಸೀಳಿರುತ್ತದೆ. ಬದಲಿಸುವುದಾದರೆ ಎರಡೂ ಬದಿಯದು ಬದಲಿಸಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ವಾರೆಗೆ ನಾವೇ ಆಮಂತ್ರಣ ಕೊಟ್ಟಂತೆ. ಜಾರಲು ಸೋಪಿನ ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ವೈರುಗಳನ್ನು ಫ್ರೇಮಿನ ಕ್ಲಿಪ್ಪಿಗೆ ಸೇರಿಸಿ, ಟ್ಯಾಂಕನ್ನು ಎರಡೂ ಕೈಯಲ್ಲಿ ಸಮನಾಗಿ ಮುಂದಕ್ಕೆ ತಳ್ಳಿ. ಹಿಂದಿನ ಬೋಲ್ಟಿನ ರಬ್ಬರ್ ಒಳಗೆ ಕೊಳವೆಯಂಥ ಒಂದು ಸಣ್ಣ ಕಬ್ಬಿಣದ ಬುಶ್ ಇರುತ್ತದೆ, ಅದನ್ನು ಬಿಡಬೇಡಿ. ಕೆಲಸ ಮುಗಿದ ಮೇಲೆ ನೆಲದಲ್ಲಿ ಸಿಗುವ, “ಕಂಪನಿಯೋರು ಸುಮ್ನೆ ಹಾಕಿರ್ತಾರ” ಅನ್ನಿಸಿಕೊಂಡು ಡಬ್ಬಿ ಸೇರುವ ಸಾಮಾನು ಬಹುತೇಕ ಅದೇ. ಅದಿಲ್ಲದೆ ಬೋಲ್ಟ್ ಬಿಗಿದರೆ ರಬ್ಬರ್ ಅಪ್ಪಚ್ಚಿಯಾಗಿ ಟ್ಯಾಂಕ್ ಒಂದು ಕಡೆ ಜಗ್ಗುತ್ತದೆ. ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ಹೊರಳಿಸಿ ಟ್ಯಾಂಕಿನಿಂದ ಅಂತರ ಸಮ ಇದೆಯೇ ನೋಡಿ, ಆಮೇಲೆ ಪಾನಾ ಹಚ್ಚಿ. ಪೈಪ್ ಮಡಚಿರಬಾರದು. ಕಾಕ್ ತೆರೆದು ಹತ್ತು ನಿಮಿಷ ಬಿಟ್ಟರೆ ಹನಿಯುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ಟ್ಯಾಂಕ್ ಬಗ್ಗೆ ಇಷ್ಟೊಂದು ಹಟ ಯಾಕೆ ಅಂದರೆ, ನಮ್ಮ ಕಡೆ ಮಕ್ಕಳು ಮೊದಲು ಲೋಕ ನೋಡಿದ್ದೇ ಅದರ ಮೇಲೆ ಕೂತು. ಬೇಸಿಗೆಯಲ್ಲಿ ತೊಡೆ ಸುಡದಂತೆ ಅಪ್ಪ ಟವೆಲ್ ಮಡಚಿ ಹಾಸುತ್ತಿದ್ದರು, ಮಗು ಹ್ಯಾಂಡಲ್ ನಡುವೆ ಕೈಯಿಟ್ಟು ಗಾಡಿ ತಾನೇ ಓಡಿಸುತ್ತಿದ್ದೇನೆ ಅಂದುಕೊಳ್ಳುತ್ತಿತ್ತು. ಸುರಕ್ಷಿತವಂತೂ ಅಲ್ಲ, ಈಗ ಯಾರೂ ಕೂರಿಸಬಾರದು. ಆದರೂ ಆ ಟವೆಲ್ ನೆನಪಾಗುತ್ತದೆ.

ಇಷ್ಟೆಲ್ಲ ಮಾಡಿಯೂ ವಾರೆ ಕಂಡರೆ ಟ್ಯಾಂಕ್ ಮತ್ತೆ ಬಿಚ್ಚಬೇಡಿ. ಗಾಡಿ ಹಿಂದೆ ಎಂದಾದರೂ ಬಿದ್ದಿದ್ದರೆ ಗೂಟ ಬಾಗಿರಬಹುದು, ಹ್ಯಾಂಡಲ್ಲೇ ಸೊಟ್ಟಗಿರಬಹುದು. ಕೊನೆಗೆ ಎರಡೂ ಬದಿಯ ಸ್ಟಿಕ್ಕರನ್ನು ಟೇಪಿನಲ್ಲಿ ಅಳೆಯಿರಿ. ಬಣ್ಣ ಹೊಡೆಸಿದ ಟ್ಯಾಂಕಾದರೆ ಒಂದು ಕಡೆಯದು ಅರ್ಧ ಇಂಚು ಕೆಳಗೆ ಅಂಟಿರುತ್ತದೆ, ಅದಕ್ಕೆ ಯಾವ ನಂಬರಿನ ಪಾನಾವೂ ಇಲ್ಲ.