ಅಡ್ಡಿಲ್ಲೆ

ರಾತ್ರಿ ಹನ್ನೊಂದೂವರೆ ಆಗಿತ್ತು, ಶಿರಸಿ ಪೇಟೇಲಿ ಮುಚ್ಚಿದ ಅಂಗಡಿಯೊಂದರ ಕಟ್ಟೆ ಮೇಲೆ ಕೂತು ಹೋಳಿ ಕುಣಿತ ಬೇಡರ ವೇಷದ ಸ್ಕೆಚ್ ಹಾಕ್ತಾ ಇದ್ದೆ. ಬೆನ್ನ ಹಿಂದೆ ಯಾರೋ ಬಂದು ನಿಂತಿದಾರೆ ಅನ್ನೋದು ಕವಳದ, ಅಂದ್ರೆ ಎಲೆ ಅಡಿಕೆಯ, ವಾಸನೆಯಿಂದ್ಲೇ ಗೊತ್ತಾಯ್ತು. ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಒಂದೇ ಒಂದು ಶಬ್ದ.

"ಅಡ್ಡಿಲ್ಲೆ."

ನಾನು ಕಾರವಾರದವನು, ಘಟ್ಟ ಹತ್ತಿ ಬಂದು ಹನ್ನೆರಡು ವರ್ಷ ಆಯ್ತು, ಈ ಶಬ್ದ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ ಮಾರಾಯ್ರೆ. ಅಕ್ಷರಕ್ಕೆ ಅಕ್ಷರ ನೋಡಿದ್ರೆ ಅಡ್ಡಿ ಇಲ್ಲ, ತಕರಾರಿಲ್ಲ ಅಂತ, ಅಷ್ಟೇ. ಆದ್ರೆ ಇಲ್ಲಿನ ಹವ್ಯಕರ ಬಾಯಲ್ಲಿ ಅದು ಅಷ್ಟಕ್ಕೇ ನಿಲ್ಲೋದಿಲ್ಲ. ಬಂದ ಹೊಸದ್ರಲ್ಲಿ ಮನೆ ಓನರ್ ಮಾವಿನಕಾಯಿಯ ಅಪ್ಪೆಹುಳಿ ಕೊಟ್ರು, ನಾನು ಎರಡು ಲೋಟ ಕುಡಿದು ಅದ್ಭುತ ಅಂದೆ, ಅವರೂ ಒಂದು ಗುಟುಕು ಕುಡಿದು "ಅಡ್ಡಿಲ್ಲೆ" ಅಂದ್ರು. ರಾಶಿ ಅಡಿಕೆಗೆ ರೇಟು ಬಂದ್ರೆ ಅಡ್ಡಿಲ್ಲೆ. ಮರದಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡು ಮಲಗಿದವರನ್ನ ಹೇಗಿದೀರಿ ಅಂತ ಕೇಳಿದ್ರೂ ಅಡ್ಡಿಲ್ಲೆ. ಮದುವೆ ಮನೇಲಿ ಒಮ್ಮೆ ಹೋಳಿಗೆ ಬಡಿಸೋಕೆ ಹೋಗಿದ್ದೆ, ಇನ್ನೊಂದು ಹಾಕ್ಲಾ ಅಂದ್ರೆ ಎದುರಿಗಿದ್ದವರು ಅಡ್ಡಿಲ್ಲೆ ಅಂದ್ರು, ಸಾಕು ಅಂತಾರೆ ಅಂದ್ಕೊಂಡು ನಾನು ಮುಂದೆ ಹೋದೆ, ಅವರು ಆ ಪಂಕ್ತಿ ಮುಗಿಯೋವರೆಗೂ ನನ್ನ ಮುಖ ನೋಡಿದ ನೋಟ ಇವತ್ತಿಗೂ ನೆನಪಿದೆ. ಇನ್ನು ಬೆಳತನಕ ಯಕ್ಷಗಾನದ ಆಟ ನೋಡಿ, ಕಣ್ಣು ಒದ್ದೆ ಮಾಡ್ಕೊಂಡು ಎದ್ದು ಬರುವವರು ಹೇಳೋದೂ ಇದೇ, ಭಾಗವತಿಕೆ ಅಡ್ಡಿಲ್ಲೆ! ಈಗ ಹೇಳಿ, ನನ್ನ ಸ್ಕೆಚ್ಚಿಗೆ ಸಿಕ್ಕಿದ್ದು ಹೋಳಿಗೆಯ ಅಡ್ಡಿಲ್ಲೆಯೋ ಪ್ಲಾಸ್ಟರಿನ ಅಡ್ಡಿಲ್ಲೆಯೋ?

ತಿರುಗಿ ಕೇಳ್ಬಹುದಿತ್ತು. ಆದ್ರೆ ತಮಟೆ ಸದ್ದು ಹತ್ರ ಬರ್ತಾ ಇತ್ತು.

ಬೇಡರ ವೇಷ ಬರೋದು ಇಲ್ಲಿನ ಮಾರಿಜಾತ್ರೆ ಇಲ್ಲದ ವರ್ಷದ ಹೋಳಿ ಹಬ್ಬಕ್ಕೆ ಮಾತ್ರ, ಅಂದ್ರೆ 2 ವರ್ಷಕ್ಕೊಮ್ಮೆ, ಹಾಗಾಗಿ ಈ ಸಲ ಕೈಕೊಟ್ರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ. ಬೆನ್ನಿಗೆ ನವಿಲುಗರಿ, ಕೈಲಿ ಕತ್ತಿ ಗುರಾಣಿ, ಹತ್ತಿಯ ಮೀಸೆ. ಊರು ಕಾಯೋಕೆ ಅಂತ ಇಟ್ಟುಕೊಂಡವನೇ ಊರಿಗೆ ಕಾಟ ಆದ ಕಥೆ, ಕೊನೆಗೆ ಅವನನ್ನ ಹಿಡಿದದ್ದು. ಸೊಂಟಕ್ಕೆ ಕಟ್ಟಿದ ಹಗ್ಗವನ್ನ ಹಿಂದೆ ಇಬ್ರು ಹಿಡಿದು ಜಗ್ತಾ ಇರ್ತಾರೆ, ಅವನು ಜನರ ಮೇಲೆ ನುಗ್ತಾನೆ, ಗಿರಕಿ ಹೊಡೀತಾನೆ. ನಾನು ಎಡಗಾಲು ಬರೆಯೋದ್ರಲ್ಲಿ ಅವನು ದೇವಿಕೆರೆ ಕಡೆ ಹೋಗಿ ಆಗಿರುತ್ತೆ.

ಆಟದ ಚೌಕಿ, ಅಂದ್ರೆ ಬಣ್ಣ ಹಚ್ಚೋ ಜಾಗ, ಇದಕ್ಕಿಂತ ಎಷ್ಟೋ ಪಾಲು ಮೇಲು. ಅಲ್ಲಿ ವೇಷದವರು ಚಕ್ಕಳಮಕ್ಕಳ ಹಾಕ್ಕೊಂಡು ಕೂತು, ಎಡಗೈಲಿ ಸಣ್ಣ ಕನ್ನಡಿ ಹಿಡಿದು, ಕಡ್ಡಿ ಅದ್ದಿ ಹುಬ್ಬಿನ ಮೇಲೆ ಗೆರೆ ಎಳೀತಾರೆ, ಆ ಕ್ಷಣಕ್ಕೆ ಉಸಿರೂ ಹಿಡಿದಿರ್ತಾರೆ. ಅವರು ತಮ್ಮ ಮುಖದ ಮೇಲೆ ಬರೀತಾರೆ, ನಾನು ಅವರು ಬರೆಯೋದನ್ನ ಬರೀತೀನಿ. ನಾನು ರಬ್ಬರ್ ಹುಡುಕೋವಷ್ಟರಲ್ಲಿ ಅವರ ಎರಡೂ ಹುಬ್ಬು ಮುಗಿದಿರುತ್ತೆ, ಒಂದರಷ್ಟೇ ಇನ್ನೊಂದು. ಅದೇ ಮನುಷ್ಯ ರಂಗಸ್ಥಳಕ್ಕೆ ಹೋಗಿ ಮಂಡಿ ಹಾಕಿ ತಿರುಗೋಕೆ ಶುರು ಮಾಡಿದ್ರೆ ನನ್ನ ಪುಸ್ತಕದಲ್ಲಿ ಉಳಿಯೋದು ಬರೀ ಸುರುಳಿ. ಚಿತ್ರಕಾರ ಕೆ.ಕೆ. ಹೆಬ್ಬಾರರು ನಾಲ್ಕು ಗೆರೆಯಲ್ಲಿ ಕುಣಿತ ಹಿಡೀತಿದ್ರು, ಸರಿ, ಅವರ ವಿಷಯ ಬಿಡಿ.

ನನಗೆ ಸಿಟ್ಟು ಬರೋದು ಮೊಬೈಲಿನವರ ಮೇಲೆ. ಎಲ್ಲರ ಕೈಯೂ ಮೇಲೆ, ನನಗೆ ಕಾಣೋದು ನಲವತ್ತು ಸ್ಕ್ರೀನಿನಲ್ಲಿ ನಲವತ್ತು ಪುಟಾಣಿ ಬೇಡರು. ಅದ್ರಲ್ಲೊಬ್ಬ ಹುಡುಗ ಬಗ್ಗಿ ನನ್ನ ಪುಸ್ತಕ ನೋಡಿ, "ಅಣ್ಣ, ಫೋಟೋ ಹೊಡ್ಕೊಂಡು ಮನೇಲಿ ಆರಾಮಾಗಿ ಬರೀಬಹುದಲ್ಲ" ಅಂತ ಸಲಹೆ ಬೇರೆ ಕೊಟ್ಟ. ಬರೀಬಹುದಪ್ಪ. ಊಟದ ಫೋಟೋ ನೋಡ್ಕೊಂಡು ಮನೇಲಿ ಆರಾಮಾಗಿ ಗಂಜಿನೂ ಕುಡೀಬಹುದು. ಹೀಗೆ ಹೇಳ್ಲಿಲ್ಲ, ನಕ್ಕೆ ಅಷ್ಟೇ.

ಅಷ್ಟರಲ್ಲಿ ಬೇಡ ಸೀದಾ ಕಟ್ಟೆ ಕಡೆಗೇ ನುಗ್ಗಿದ. ಜನ ಹೋ ಅಂತ ಹಿಂದೆ ಸರಿದ್ರು, ಯಾರದ್ದೋ ಮೊಣಕೈ ತಾಗಿ ಪೆನ್ನು ಅವನ ಸೊಂಟದಿಂದ ಹಾಳೆ ಅಂಚಿನವರೆಗೂ ಸರ್ರನೆ ಹೋಯ್ತು. ಪೆನ್ನಿನ ಮುಚ್ಚಳ ಚರಂಡಿಗೆ ಬಿತ್ತು, ಅದು ಹೋಯ್ತು ಅಂತ್ಲೇ ಲೆಕ್ಕ. ಗೆರೆಯನ್ನ ಹೇಗಾದ್ರೂ ಉಳಿಸ್ಬೇಕಲ್ಲ, ಅದಕ್ಕೆ ಹುರಿ ಹಾಕಿ, ನೆರಳು ಕೊಟ್ಟು, ಹಗ್ಗ ಮಾಡಿಬಿಟ್ಟೆ. ಚೆನ್ನಾಗೇ ಕೂತ್ಕೊಳ್ತು. ನನ್ನ ಜಾಣತನಕ್ಕೆ ನಾನೇ ಖುಷಿಯಾಗಿ ಪುಸ್ತಕ ಸ್ವಲ್ಪ ದೂರ ಹಿಡಿದು ನೋಡ್ತಾ ಇದ್ದೆ.

ಕವಳದವರು ಇನ್ನೂ ಅಲ್ಲೇ ಇದ್ರು. ಚರಂಡಿಗೆ ಉಗಿದು ಬಂದು, ಹಾಳೆ ಮೇಲೆ ಬೆರಳಿಟ್ಟು ಒಂದು, ಎರಡು ಅಂತ ಎಣಿಸಿದ್ರು.

"ತಮಾ, ಹಗ್ಗ ಎರಡೇ ಇರ್ತು. ನೀ ಮೂರು ಬರದ್ಯಲಾ."

ಜನ ನೂಕಿದ್ರು ಅಂತ ಏನೋ ಹೇಳೋಕೆ ಹೋದೆ. ಅವರು ತಲೆ ಅಲ್ಲಾಡಿಸಿದ್ರು.

"ಅಡ್ಡಿಲ್ಲೆ, ಅಡ್ಡಿಲ್ಲೆ."