ನನ್ನ ಗ್ಲಾಸಿಗೆ ನೂರು ಯಜಮಾನರು

ನಮ್ಮ ಮಂಗಳೂರು ಕಡೆ ಕುಡಿಯದವರಿಗೆ ಅಂಥ ಕಷ್ಟ ಏನಿಲ್ಲ. "ನಾನು ತಗೊಳ್ಳುವುದಿಲ್ಲ" ಅಂತ ಗಟ್ಟಿಯಾಗಿ ಹೇಳಿದರೆ ಆಯಿತು. ಒಂದೆರಡು ಸಲ ಒತ್ತಾಯ ಮಾಡಿ, ಕೈಗೆ ಒಂದು ಜೀರಾ ಸೋಡಾ ಕೊಟ್ಟು ಬಿಟ್ಟುಬಿಡುತ್ತಾರೆ. ಕೊಟ್ಟದ್ದನ್ನೆಲ್ಲ ಕುಡಿಯುವವರಿಗಂತೂ ಕಷ್ಟವೇ ಇಲ್ಲ. ನಿಜವಾದ ಫಜೀತಿ ನನ್ನಂಥವರದ್ದು. ಕುಡಿಯುತ್ತೇನೆ, ಆದರೆ ಸ್ವಲ್ಪ. ಇಂಥದ್ದೇ ಬೇಕು, ಹೀಗೇ ಬೇಕು. ಊಟದಲ್ಲಿ ಬಂಗುಡೆ ಮೀನು ಬೇಡ, ಬೂತಾಯಿಯೇ ಆಗಬೇಕು ಅಂದರೆ "ಪಾಪ, ಅವನಿಗೆ ಅದೇ ಇಷ್ಟ" ಅಂತಾರೆ. ಗ್ಲಾಸಿನ ವಿಷಯದಲ್ಲಿ ಅದೇ ಮಾತು ಹೇಳಿ ನೋಡಿ. "ದೊಡ್ಡ ಜನ ಆಗಿದ್ದಾನೆ ಈಗ" ಅಂತಾರೆ.

ನನ್ನ ರುಚಿ ಘನಂದಾರಿಯದ್ದೇನಲ್ಲ. ವಿಸ್ಕಿಗೆ ಧಾರಾಳ ನೀರು. ಬಿಯರ್ ಆದರೆ ಮೈಲ್ಡ್. ಎಲ್ಲಕ್ಕಿಂತ ಇಷ್ಟ ಸೈಡರ್, ಅಂದರೆ ಸೇಬಿನ ರಸ ಹುಳಿ ಬರಿಸಿದ್ದು. ಇಷ್ಟಕ್ಕೇ ಮನೆಯವರು, ನೆಂಟರು, ಬಾರಿನವರು ಎಲ್ಲರಿಗೂ ನನ್ನ ಮೇಲೆ ಬೇಜಾರು.

ಭಾವನಿಂದ ಶುರು ಮಾಡುತ್ತೇನೆ. ಅವರು ದುಬೈಯಲ್ಲಿದ್ದಾರೆ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಕೈಯಲ್ಲಿ ಡ್ಯೂಟಿ ಫ್ರೀ ಚೀಲ ಇರಲೇಬೇಕು. ತೆರಿಗೆ ಇಲ್ಲದೆ ಒಬ್ಬರು 2 ಲೀಟರ್ ತರಬಹುದು ಅಂತ ನಿಯಮ. ಆ 2 ಲೀಟರಿಗೆ ಇಲ್ಲಿ ಎಷ್ಟು ಜನ ಕಾಯುತ್ತಿರುತ್ತಾರೆ ಅಂದರೆ, ಪ್ರಯಾಣ ಸುಖವಾಯಿತಾ ಅಂತ ಕೇಳುವ ಮೊದಲೇ "ಎಂತ ತಂದ್ರಿ?" ಅಂತ ಕೇಳುತ್ತಾರೆ. ಕಳೆದ ಸಲ ತಂದದ್ದು ಐಲಾ ದ್ವೀಪದ ಸ್ಕಾಚ್. ಐಲಾ ಇರುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ. ಅಲ್ಲಿ ಮೊಳಕೆ ಬರಿಸಿದ ಬಾರ್ಲಿಯನ್ನು ಪೀಟ್ ಉರಿಸಿ ಒಣಗಿಸುತ್ತಾರೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಬಿದ್ದುಕೊಂಡು ಅರೆಬರೆ ಕೊಳೆತ ಪಾಚಿ, ಬೇರು, ಕಸಕಡ್ಡಿ, ಅದೇ ಪೀಟ್. ಆ ಹೊಗೆ ಕಾಳಿಗೆ ಹತ್ತಿದ್ದು ಬಾಟಲಿಯವರೆಗೂ ಬಿಡುವುದಿಲ್ಲ.

ಭಾವ ದೊಡ್ಡ ಮರ್ಯಾದೆಯಿಂದ ಬಿರಡೆ ತೆಗೆದರು. ಒಳಗಿನಿಂದ ಅಮ್ಮ ಕೂಗಿದರು: "ಯಾರು ಮಾರಾಯ್ರೇ ಬಚ್ಚಲೊಲೆಗೆ ಹಸಿ ಸಿಪ್ಪೆ ಹಾಕಿದ್ದು?"

ನಮ್ಮದು ಕದ್ರಿಯಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟು. ಬಚ್ಚಲೊಲೆ ಎಲ್ಲಿಂದ ಬರಬೇಕು? ಆದರೆ ಅಮ್ಮನ ಮೂಗಿಗೆ ಅದು ಹಳೇ ಮನೆಯ ಜುಲೈ ತಿಂಗಳು. ಒದ್ದೆ ತೆಂಗಿನ ಸಿಪ್ಪೆ, ಉರಿಯದ ಬೆಂಕಿ, ಕಣ್ಣು ತುಂಬ ಹೊಗೆ. ಭಾವನ ಮುಖ ಸಣ್ಣಗಾಯಿತು. ಅಷ್ಟರಲ್ಲಿ ಮಾವ ಒಂದು ಗುಟುಕು ತಗೊಂಡು, "ಮೊನ್ನೆ ಕಾಲಿಗೆ ಡ್ರೆಸ್ಸಿಂಗ್ ಮಾಡುವಾಗ ಇದೇ ವಾಸನೆ ಬಂದಿತ್ತು" ಅಂದರು. ಮಾವನನ್ನು ಬಯ್ಯುವ ಹಾಗಿಲ್ಲ. ಪೀಟ್ ಹೊಗೆಯಲ್ಲಿರುವ ಫೀನಾಲ್ ಅನ್ನುವ ರಾಸಾಯನಿಕಗಳು ಆಸ್ಪತ್ರೆಯ ವಾಸನೆಯನ್ನೇ ನೆನಪಿಸುತ್ತವೆ. ಅದನ್ನೇ ಇಷ್ಟಪಟ್ಟು ಸಾವಿರಗಟ್ಟಲೆ ಸುರಿಯುವವರು ಪ್ರಪಂಚದ ತುಂಬ ಇದ್ದಾರೆ. ಅವರ ದುಡ್ಡು, ಅವರ ಮೂಗು.

ಜಗಳ ಶುರುವಾದದ್ದು ನಾನು ನೀರು ಹಾಕಿದ ಮೇಲೆ.

"ಇದಕ್ಕೆ ನೀರು ಹಾಕ್ತೀಯಾ ಮಾರಾಯ? ಅವರು ವರ್ಷಗಟ್ಟಲೆ ಪೀಪಾಯಿಯಲ್ಲಿ ಇಟ್ಟು ಕಾದದ್ದು ಇದಕ್ಕಾ?"

"ಭಾವ, ಅವರೂ ನೀರು ಹಾಕಿದ್ದಾರೆ."

ಇದು ಸುಳ್ಳಲ್ಲ. ಸ್ಕಾಚನ್ನು ಪೀಪಾಯಿಗೆ ತುಂಬುವಾಗ ಸಾಮಾನ್ಯವಾಗಿ ಆಲ್ಕೋಹಾಲ್ ಶೇಕಡಾ 63.5ರಷ್ಟು ಇರುತ್ತದೆ. ಓಕ್ ಮರದ ಪೀಪಾಯಿಯಲ್ಲಿ ಕಡಿಮೆ ಅಂದರೂ 3 ವರ್ಷ ಇರಬೇಕು, ಅದು ಕಾನೂನು. ಆಮೇಲೆ ಬಾಟಲಿಗೆ ಹಾಕುವ ಮೊದಲು ಹೆಚ್ಚಿನ ಕಂಪನಿಗಳು ನೀರು ಬೆರೆಸಿ 40, 43, 46ಕ್ಕೆ ಇಳಿಸುತ್ತವೆ. ಅವರು ನಿಲ್ಲಿಸಿದ ಜಾಗದಿಂದ ನಾನು ಮುಂದುವರಿಸುತ್ತೇನೆ, ಅಷ್ಟೇ. ಅದೂ ಅಲ್ಲದೆ ಸ್ಕಾಟ್ಲೆಂಡಿನಲ್ಲಿ ಚಳಿಗೆ ಹಲ್ಲು ಕಟಕಟ ಅನ್ನುವಾಗ ಕುಡಿಯುವುದನ್ನು ಇಲ್ಲಿ ಏಪ್ರಿಲ್ ತಿಂಗಳಲ್ಲಿ, ಕರೆಂಟ್ ಇಲ್ಲದೆ, ಬನಿಯನ್ ಹಿಂಡಿದರೆ ನೀರು ಬರುವ ಹೊತ್ತಿನಲ್ಲಿ ಹಾಗೆಯೇ ಕುಡಿ ಅಂದರೆ ಹೇಗೆ? ಭಾವ ಕುಡಿದರು. ಕಿವಿ ಕೆಂಪಗಾಯಿತು. "ಫಿನಿಶ್ ಭಾರೀ ಲಾಯ್ಕ್ ಉಂಟು" ಅಂತ ಬಾಯಲ್ಲಿ ಉಳಿದ ರುಚಿಯನ್ನು ಹೊಗಳಿ ಫ್ಯಾನ್ ಬಂದಿತಾ ಅಂತ ಮೇಲೆ ನೋಡಿದರು.

ಸೆಖೆ ಅಂದಾಗ ನೆನಪಾಯಿತು. ಪೀಪಾಯಿಯಲ್ಲಿಟ್ಟ ವಿಸ್ಕಿ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ. ಹೋದದ್ದಕ್ಕೆ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನ ದೇವತೆಗಳು ವರ್ಷಕ್ಕೆ ಶೇಕಡಾ 2ರಷ್ಟು ಕುಡಿದು ತೃಪ್ತರು. ಬೆಂಗಳೂರಿನವರು 10ರ ಮೇಲೆ ಎತ್ತುತ್ತಾರೆ. ಹಾಗಾಗಿ ನಮ್ಮಲ್ಲಿ ಹನ್ನೆರಡು, ಹದಿನೆಂಟು ವರ್ಷ ಅಂತ ಕಾಯುತ್ತಾ ಕೂತರೆ ಕೊನೆಗೆ ಪೀಪಾಯಿ ಮಾತ್ರ ಉಳಿಯುತ್ತದೆ. ಒಳ್ಳೆಯದೇ ಆಯಿತು, ಬಿಸಿಗೆ ಬೇಗ ಹದಕ್ಕೂ ಬರುತ್ತದೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಮೀನಿನ ಬಂದರು ಮಲ್ಪೆಗೇ ಹೋಗಿ ಮೀನು ಮಾರಿದ ಧೈರ್ಯ. ಇದನ್ನು ಭಾವನಿಗೆ ಹೇಳಿದರೆ, "ನಮ್ಮ ದೇಶದ್ದೆಲ್ಲ ಕಾಕಂಬಿ ಮಾರಾಯ" ಅಂತಾರೆ. ಅಗ್ಗದ ಬಾಟಲಿಗಳ ಮಟ್ಟಿಗೆ ಆ ಮಾತು ಸರಿ, ಅವುಗಳಲ್ಲಿ ಹೆಚ್ಚಿನವಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿಯೇ ಮೂಲ. ಇದು ಬಾರ್ಲಿಯದ್ದು ಅಂದರೂ ಕೇಳುವುದಿಲ್ಲ. ಊರಿನಲ್ಲೇ ಸಿಗುವುದಾದರೆ ಅವರ ಡ್ಯೂಟಿ ಫ್ರೀ ಚೀಲಕ್ಕೆ ಏನು ಬೆಲೆ ಉಳಿಯಿತು ಹೇಳಿ.

ಬಿಯರಿನದ್ದು ಬೇರೆ ಕಥೆ. ಅಲ್ಲಿ ನೆಂಟರು ಬೇಡ, ವೇಟರ್ ಒಬ್ಬ ಸಾಕು.

"ಬಿಯರ್ ಸ್ಟ್ರಾಂಗಾ ಸಾರ್?"

"ಮೈಲ್ಡ್."

"ಮೈಲ್ಡ್ ಕೂಲ್ ಇಲ್ಲ ಸಾರ್. ಸ್ಟ್ರಾಂಗ್ ಕೂಲ್ ಉಂಟು."

ಕಂಕನಾಡಿಯಿಂದ ಕಲ್ಸಂಕದವರೆಗೆ ಎಲ್ಲಿ ಕೂತರೂ ನನಗೆ ಸಿಕ್ಕಿದ ಉತ್ತರ ಇದೇ. ಮೈಲ್ಡ್ ಕೇಳುವವರಿಲ್ಲ, ಅದಕ್ಕೆ ಫ್ರಿಜ್ಜಿಗೆ ಇಡುವುದಿಲ್ಲ. ಫ್ರಿಜ್ಜಿನಲ್ಲಿಲ್ಲ, ಅದಕ್ಕೆ ಯಾರೂ ಕೇಳುವುದಿಲ್ಲ. ಶೇಕಡಾ 5ರ ಆಸುಪಾಸಿನದ್ದಕ್ಕೂ 8ರ ಹತ್ತಿರದ್ದಕ್ಕೂ ರೇಟಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿರುವಾಗ ಕಡಿಮೆಯದ್ದನ್ನು ಯಾಕೆ ತಗೊಳ್ಳುವುದು ಅಂತ ಜನರ ಲೆಕ್ಕ. ಇದು ಕರಾವಳಿಯ ಲೆಕ್ಕ, ತಪ್ಪು ಹುಡುಕುವುದು ಕಷ್ಟ. ಬಿಯರ್ ಬಗ್ಗೆ ನಮ್ಮವರಿಗೆ ಸ್ವಲ್ಪ ಮನೆತನದ ಅಭಿಮಾನವೂ ಉಂಟು. ಕಿಂಗ್‌ಫಿಷರ್ ಬಿಯರಿನ ಯುನೈಟೆಡ್ ಬ್ರೂವರೀಸನ್ನು ಬೆಳೆಸಿದ ವಿಟ್ಠಲ ಮಲ್ಯರು ಬಂಟ್ವಾಳ ಮೂಲದವರು. ಬಾರಿನಲ್ಲಿ ಪಕ್ಕದ ಟೇಬಲಿನವರು ಇದನ್ನು ಹೇಳುವ ಧಾಟಿ ನೋಡಿದರೆ, ಬಾರ್ಲಿಯೂ ಬಂಟ್ವಾಳದ ಪಕ್ಕದ ಪಾಣೆಮಂಗಳೂರಿನಲ್ಲೇ ಬೆಳೆಯುತ್ತದೆ ಅಂತ ಅನಿಸಬೇಕು.

ಈಗ ಮಂಗಳೂರಿನಲ್ಲಿ ಅಲ್ಲೇ ಬಿಯರ್ ತಯಾರಿಸಿ ಕೊಡುವ ಪಬ್ ಕೂಡ ಬಂದಿದೆ. ಅಕ್ಕನ ಮಗಳು ನಮ್ಮನ್ನೆಲ್ಲ ಒಂದು ಸಂಜೆ ಕರಕೊಂಡು ಹೋದಳು. ಗೋಧಿ ಬಿಯರ್ ಬಂತು, ಮೋಡ ಕವಿದ ಹಾಗೆ. ಮುಟ್ಟುವುದಿಲ್ಲ ಅಂತ ದೂರ ಕೂತಿದ್ದ ಅಕ್ಕ, ಗ್ಲಾಸು ಮೂಗಿನ ಹತ್ತಿರ ತಂದು, "ಇದು ನಮ್ಮ ಬನ್ಸ್ ಹಿಟ್ಟು ಅಲ್ವಾ! ರಾತ್ರಿ ಕಲಸಿಟ್ಟದ್ದು" ಅಂದಳು. ಬಾಳೆಹಣ್ಣು ಹಾಕಿದ್ದಾರಾ ಅಂತ ವೇಟರನ್ನು ಕರೆದು ವಿಚಾರಣೆಯೂ ಆಯಿತು. ಆ ಹುಡುಗ ಬೆವತುಹೋದ. ಹಾಕಿರಲಿಲ್ಲ. ಬಾಳೆಹಣ್ಣಿನ ಘಮಕ್ಕೆ ಕಾರಣವಾದ ಐಸೊಅಮೈಲ್ ಅಸಿಟೇಟ್ ಅನ್ನುವುದನ್ನು ಗೋಧಿ ಬಿಯರಿನ ಯೀಸ್ಟ್ ತಾನೇ ಹುಟ್ಟಿಸುತ್ತದೆ. ಅಕ್ಕ ನಂಬಲಿಲ್ಲ. "ಜೀರಿಗೆ ಹಾಕಲಿಕ್ಕೆ ಮರೆತಿದ್ದಾರೆ" ಅಂತ ತೀರ್ಪು ಕೊಟ್ಟಳು.

ಅದೇ ಅಕ್ಕನ ಉಡುಪಿ ಮನೆಯಲ್ಲಿ ಒಂದು ಭಾನುವಾರ. ನನಗೆ ಮೈಲ್ಡ್ ಬೇಕು ಅಂತ ಭಾವನ ತಮ್ಮ ಎಲ್ಲೆಲ್ಲೋ ಹುಡುಕಿ ಟಿನ್ ತಂದಿದ್ದ. ಬಿಸಿಲಲ್ಲಿ ಸ್ಕೂಟರಿನಲ್ಲಿ ಬಂದ ಟಿನ್ನು, ಚಹಾದ ಬಿಸಿ. "ಹತ್ತೇ ನಿಮಿಷ" ಅಂತ ಫ್ರೀಜರಿಗೆ ತುರುಕಿದ. ಅಷ್ಟರಲ್ಲಿ ಮೊಬೈಲಿನಲ್ಲಿ ಕಂಬಳದ ಲೈವ್ ಶುರುವಾಯಿತು. ಕಂಬಳದ ಹತ್ತು ನಿಮಿಷ ಎಷ್ಟು ಉದ್ದ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನೇಗಿಲು ಹಿರಿಯ ವಿಭಾಗದ ಓಟ ಮುಗಿದು ಹಗ್ಗ ಕಿರಿಯ ಬರುವ ಹೊತ್ತಿಗೆ ಒಳಗಿನಿಂದ ಢಬ್ ಅಂತ ಸದ್ದು.

ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಟಿನ್ನಿಗೆ ಅಷ್ಟು ಜಾಗ ಎಲ್ಲಿ? ನಾವಿಬ್ಬರು ಓಡಿ ಹೋಗಿ ಬಾಗಿಲು ತೆಗೆದೆವು. ಒಂದು ಟಿನ್ನಿನ ಸೊಂಟ ಬಿರಿದು, ಬಿಯರ್ ಹಿಮದ ಹಾಗೆ ಚಿಮ್ಮಿತ್ತು. ಕೆಳಗೆ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಬೆಳಿಗ್ಗೆಯೇ ಮಸಾಲೆ ಹಚ್ಚಿಟ್ಟ ಕಾಣೆ ಮೀನು. ಮೇಲೆ ಮುಚ್ಚಳ ಇಲ್ಲ. ಕೆಂಪು ಮಸಾಲೆಯ ಮೇಲೆ ಬಿಳಿ ನೊರೆ ನಿಧಾನಕ್ಕೆ ಇಳಿಯುತ್ತಿತ್ತು. ಭಾವನ ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಕಾಣೆಯ ರೇಟು ಇಬ್ಬರಿಗೂ ಗೊತ್ತಿತ್ತು. ಫ್ರೀಜರ್ ಒರೆಸಿ, ಟಿನ್ನು ಪೇಪರಿನಲ್ಲಿ ಸುತ್ತಿ, ಬಾಗಿಲು ಹಾಕಿ ಬಂದು ಮತ್ತೆ ಕಂಬಳ ನೋಡಿದೆವು.

ಅಕ್ಕ ರವೆಯಲ್ಲಿ ಹೊರಳಿಸಿ ಕಾಯಿಸಿದಳು. ಅಂಥ ಗರಿಗರಿ ಕಾಣೆಯನ್ನು ಆ ಮನೆಯಲ್ಲಿ ಯಾರೂ ತಿಂದಿರಲಿಲ್ಲ. ಇಂಗ್ಲೆಂಡಿನವರು ಮೀನು ಕರಿಯುವ ಹಿಟ್ಟಿಗೆ ಬಿಯರ್ ಸುರಿಯುತ್ತಾರೆ, ಅದರ ಗ್ಯಾಸಿಗೆ ಹಿಟ್ಟು ಹಗುರಾಗಿ ಗರಿಯಾಗುತ್ತದೆ. ನಮ್ಮದಕ್ಕೂ ಅದೇ ಕಾರಣವೋ, ಹೆದರಿಕೆಗೆ ನನ್ನ ನಾಲಿಗೆ ಚುರುಕಾಗಿತ್ತೋ, ದೇವರಿಗೇ ಗೊತ್ತು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಅಕ್ಕನ ಮಾವ ಎಲ್ಲರಿಗಿಂತ ಜಾಸ್ತಿ ತಿಂದರು. ಈಗಲೂ ಕಾಣೆ ಮಾಡಿದಾಗೆಲ್ಲ, "ಆ ಭಾನುವಾರದ ರುಚಿ ಬರಲಿಲ್ಲ ಮಗಳೇ" ಅಂತ ಸೊಸೆಗೆ ಹೇಳುತ್ತಾರೆ. ಅಕ್ಕ ಮೆಣಸು ಬದಲಿಸಿ ನೋಡಿದಳು. ಮೀನಿನವಳನ್ನೂ ಬದಲಿಸಿದಳು. ನಾವಿಬ್ಬರು ತಲೆ ತಗ್ಗಿಸಿ ಊಟ ಮಾಡುತ್ತೇವೆ.

ಇನ್ನು ಸೈಡರ್. ಇದು ನನಗೆ ಹತ್ತಿದ್ದು ಕೆಲಸದ ಮೇಲೆ ಇಂಗ್ಲೆಂಡಿನ ಬ್ರಿಸ್ಟಲಿಗೆ ಹೋದಾಗ. ಪಕ್ಕದ್ದೇ ಸಾಮರ್ಸೆಟ್, ಸೇಬಿನ ಸೀಮೆ. ಕುದಿಸುವುದಿಲ್ಲ, ಭಟ್ಟಿ ಇಳಿಸುವುದಿಲ್ಲ. ಸೇಬು ಹಿಂಡಿ ರಸ ತೆಗೆದು ಹುಳಿ ಬರಲು ಬಿಡುತ್ತಾರೆ. ನಮ್ಮ ಮೂರ್ತೆದಾರರು ಇಳಿಸುವ ಕಳ್ಳಿಗೆ ಹತ್ತಿರದ ಸಂಬಂಧ. ಕಳ್ಳು ಮರದಲ್ಲೇ ಹುಳಿ ಬರಲು ಶುರುವಾಗುತ್ತದೆ, ಇದು ಪೀಪಾಯಿಯಲ್ಲಿ ತಿಂಗಳುಗಟ್ಟಲೆ ತಗೊಳ್ಳುತ್ತದೆ. ಆ ಸೇಬನ್ನು ಹಾಗೇ ತಿನ್ನಲಿಕ್ಕಾಗುವುದಿಲ್ಲ. ಕಿಂಗ್‌ಸ್ಟನ್ ಬ್ಲ್ಯಾಕ್ ಅಂತ ಒಂದು ಜಾತಿ, ಕಚ್ಚಿದರೆ ಒಗರಿಗೆ ನಾಲಿಗೆ ಮಡಚಿಕೊಳ್ಳುತ್ತದೆ. ಸೈಡರಿಗೆ ಮಜಾ ಬರುವುದೇ ಆ ಒಗರಿನಿಂದ. ಫ್ರಾನ್ಸಿನ ಬ್ರಿಟನಿಯಲ್ಲಿ ಅದನ್ನು ಪಿಂಗಾಣಿ ಬಟ್ಟಲಿಗೆ ಹೊಯ್ದು, ತೆಳ್ಳಗಿನ ದೋಸೆಯ ಜೊತೆ ಕೊಡುತ್ತಾರೆ. ದೋಸೆಯ ಜೊತೆ! ನಮ್ಮ ನೀರ್ ದೋಸೆಗೆ ಯಾವ ಬಾರಿನಲ್ಲಿ ಅಂಥ ಮರ್ಯಾದೆ ಉಂಟು?

ವೈನ್ ಶಾಪಿನಲ್ಲಿ ಹೋಗಿ ಕೇಳಿದೆ.

"ಸೈಡರ್ ಉಂಟಾ?"

"ವಿನೆಗರಾ ಸಾರ್? ಎದುರಿನ ಮೆಡಿಕಲಿನಲ್ಲಿ ಸಿಗ್ತದೆ."

"ಅದಲ್ಲ, ಕುಡಿಯುವಂಥದ್ದು."

"ಅದನ್ನೂ ಕುಡೀತಾರಲ್ಲ ಸಾರ್, ತೂಕ ಇಳಿಸ್ಲಿಕ್ಕೆ."

ಕೊನೆಗೆ ಕೆಳಗಿನ ಶೆಲ್ಫಿನಿಂದ ಧೂಳು ಹಿಡಿದ ದೊಡ್ಡ ಬಾಟಲಿ ಒಂದು ಹೊರಬಂತು. "ಲೇಡೀಸಿಗಾ ಸಾರ್?" ಅಂದ, ದನಿ ತಗ್ಗಿಸಿ. ಇಂಗ್ಲೆಂಡಿನಲ್ಲಿ ಹೊಲದ ಆಳುಗಳಿಗೆ ಕೂಲಿಯ ಒಂದು ಪಾಲನ್ನು ಸೈಡರಿನಲ್ಲೇ ಕೊಡುತ್ತಿದ್ದರು, 1887ರಲ್ಲಿ ಕಾನೂನು ಮಾಡಿ ನಿಲ್ಲಿಸಬೇಕಾಯಿತು, ಅಂತ ಹೇಳಬೇಕು ಅನಿಸಿತು. ಹಿಂದೆ ಕ್ವಾರ್ಟರಿಗೆ ನಿಂತವರ ಸಾಲು ನೋಡಿ "ಹೌದು" ಅಂದುಬಿಟ್ಟೆ.

ಅರ್ಧ ಕುಡಿದು ಫ್ರಿಜ್ಜಿನ ಬಾಗಿಲಿನಲ್ಲಿ ಇಟ್ಟೆ. ಆ ವಾರ ಕಾರ್ಕಳದಿಂದ ದೊಡ್ಡಮ್ಮ ಕಣ್ಣು ತೋರಿಸಲು ಬಂದಿದ್ದರು. ಯಾವುದೋ ವಿಡಿಯೋ ನೋಡಿ ಅವರು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬೆಚ್ಚಗಿನ ನೀರಿನಲ್ಲಿ ಎರಡು ಚಮಚ ಆಪಲ್ ಸೈಡರ್ ವಿನೆಗರ್ ಕುಡಿಯುವವರು. ತಂದದ್ದು ಖಾಲಿಯಾಗಿತ್ತು. ಫ್ರಿಜ್ಜಿನಲ್ಲಿ ಸೇಬಿನ ಚಿತ್ರ ಇದ್ದ ಬಾಟಲಿ ಕಂಡಿತು. ಕಣ್ಣಿಗೆ ಡ್ರಾಪ್ಸ್ ಬೇರೆ ಹಾಕಿದ್ದರು.

"ಹಳೇದು ಗಂಟಲು ಸುಡ್ತಿತ್ತು ಮಗ. ಇದು ಒಳ್ಳೆ ಕಂಪನಿದ್ದು" ಅಂತ ಹೇಳಿದಾಗಲೂ ನನಗೆ ಹೊಳೆಯಲಿಲ್ಲ. ಚಮಚ ಹೋಗಿ ಲೋಟ ಬಂತು. ನೀರೂ ಹೋಯಿತು. ಮಂಡಿನೋವು ಕಡಿಮೆ ಅಂದರು. ಒಂದು ಬೆಳಿಗ್ಗೆ, ಪಾಲಿನ ತಕರಾರಿನಲ್ಲಿ ಮಾತು ಬಿಟ್ಟಿದ್ದ ನಾದಿನಿಗೆ ತಾವೇ ಫೋನ್ ಮಾಡಿ, ನಕ್ಕು, ಅತ್ತು, ಅಡಿಕೆ ತೋಟದ ದಾರಿ ಬಿಟ್ಟುಕೊಡುತ್ತೇನೆ ಅಂತ ಒಪ್ಪಿಕೊಂಡರು. ವಕೀಲರ ಕೈಯಲ್ಲಿ ಆಗದ ಕೆಲಸ! ಆಗ ನಾನು ಫ್ರಿಜ್ಜು ತೆಗೆದು ನೋಡಿದೆ. ಬಾಟಲಿಯಲ್ಲಿ ತಳ ಮಾತ್ರ ಉಳಿದಿತ್ತು.

ಹೆಂಡತಿಗೆ ಹೇಳಿದೆ. "ಸುಮ್ನಿರಿ ನೀವು. ದಾರಿಯ ಕಾಗದಕ್ಕೆ ಸೈನ್ ಆಗಲಿ ಮೊದಲು" ಅಂದಳು.

ಮೊನ್ನೆ ರಾತ್ರಿ ದುಬೈಯಿಂದ ಭಾವನ ಫೋನು. ದನಿಯಲ್ಲಿ ಗಾಬರಿ. "ದೊಡ್ಡಮ್ಮ ಕಾಲ್ ಮಾಡಿದ್ರು ಮಾರಾಯ. ಈ ಸಲ ಬೇರೆಂತ ಬೇಡ, ಆ ಆಪಲಿನ ಮದ್ದೇ 2 ಲೀಟರ್ ತಾ ಅಂತ ಹೇಳಿದ್ದಾರೆ. ಎಂತ ಮದ್ದು ಅದು?"

ಬಾಟಲಿಯ ಹೆಸರು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. 2 ಲೀಟರಿನಲ್ಲಿ ಇನ್ನು ಸ್ಕಾಚಿಗೆ ಜಾಗ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕುತ್ತಿದ್ದರೋ ಏನೋ.

"ಅಲ್ಲ, ಅಲ್ಲಿ ಮೆಡಿಕಲಿನಲ್ಲಿ ಸಿಗುವುದಿಲ್ವಾ?"

"ಇಲ್ಲಿಯದ್ದು ಅವರಿಗೆ ಆಗುವುದಿಲ್ಲ ಭಾವ," ಅಂದೆ. "ಗಂಟಲು ಸುಡ್ತದಂತೆ."